ಕೋಲಿಗೆ ಬೆನ್ನು ಹಾಕಿದ ಹಕ್ಕಿ

ಫೆಬ್ರವರಿ 4

ತಂಗೀ,

ಬರೆಯುತ್ತಿರುವವನು ನಿನ್ನ ಅಣ್ಣ. ಚೆನ್ನಾಗಿದ್ದೇನೆ ಎಂದು ಬೇರೆ ಬರೆಯಬೇಕೇ? ಇಲ್ಲದಿದ್ದರೆ ಸೊಸೆ ಬರೆಯುತ್ತಿದ್ದಳು.

ನಿನ್ನ ಪತ್ರ ಓದಿದೆ. ಬಾವುಟದ ಕಾರ್ಖಾನೆಯಲ್ಲಿ ನಿನ್ನನ್ನು ಕತ್ತರಿ ಮೇಜಿನ ಮುಖ್ಯಸ್ಥೆ ಮಾಡಿದ್ದಾರೆ, ಈಗ ಬಂದಿರುವ ಆರ್ಡರು ಸರಿಯಾಗಿ ಮುಗಿದರೆ ಕೆಲಸ ಕಾಯಂ, ಕೆಟ್ಟರೆ ಮತ್ತೆ ಅಂಚು ಹೊಲಿಯುವ ಬೆಂಚಿಗೆ. ಇಷ್ಟು ಅರ್ಥವಾಯಿತು. ಅಪ್ಪ ಇದ್ದಿದ್ದರೆ ನಂಬುತ್ತಿರಲಿಲ್ಲ. ಹೆಣ್ಣುಮಕ್ಕಳ ಕೈಗೆ ಕತ್ತರಿ ಕೊಡುವುದಿಲ್ಲ ಎಂದು ನಿನ್ನನ್ನು ಕಾಜ, ಗುಂಡಿಯಲ್ಲೇ ಕೂರಿಸಿದ್ದ ಮನುಷ್ಯ. ಅಷ್ಟು ದೂರ ಹೋಗಿ ಕತ್ತರಿ ಹಿಡಿದೆಯಲ್ಲ, ಭೇಷ್.

ಆದರೆ ಆ ಆರ್ಡರು ನಮ್ಮ ಅಧ್ಯಕ್ಷ ನಿಮ್ಮ ದೇಶಕ್ಕೆ ಬರುವ ಸವಾರಿಯದ್ದೇ ಆಗಬೇಕಿತ್ತೇ? ನಿಮ್ಮ ರಾಜ ಸಾರೋಟು ಕಳಿಸುತ್ತಾನಂತೆ, ಕುಶಾಲತೋಪು ಹಾರಿಸುತ್ತಾರಂತೆ, ಔತಣವಂತೆ. ವಾಪಸು ಬರುವಾಗ ಏನು ತರುತ್ತಾನೆ ಎಂದರೆ ಏನೂ ಇಲ್ಲ. ಸಹಿ ಹಾಕಲು ಒಂದು ಕಾಗದವೂ ಇಲ್ಲವಂತೆ. ಬರೀ ಮರ್ಯಾದೆ.

ಅಂಗಡಿಯಲ್ಲಿ ದಿನಾ ಇದೇ ಜಗಳ. ಎದುರಿನ ಸೈಕಲ್ ಅಂಗಡಿಯವನು ಗೊತ್ತಲ್ಲ, ರೇಡಿಯೋ ಎಂದು ಕರೆಯುತ್ತೇವೆ, ಶುರುವಾದರೆ ನಿಲ್ಲಿಸಲು ಗುಂಡಿ ಇಲ್ಲ. ಅವನು ಹೇಳಿದ, "ಮರ್ಯಾದೆ ಅಂದ್ರೆ ಸುಮ್ನೇನಾ? ಅಧ್ಯಕ್ಷರಿಗೆ ಕುದುರೆ ಕಳಿಸಿದ್ರೆ ನಿಮಗೂ ನನಗೂ ಕಳಿಸಿದ ಹಾಗೇ."

"ಹಾಗಾದ್ರೆ ನನ್ನ ಪಾಲಿನ ಕುದುರೆ ಇಲ್ಲಿಗೇ ಕಳಿಸೋಕೆ ಹೇಳು. ಲದ್ದಿಯಾದ್ರೂ ಗಿಡಕ್ಕಾಗತ್ತೆ" ಎಂದೆ.

ನಾವು ಗುಳಿಗೆ ಎಂದು ಕರೆಯುವ ಔಷಧಿ ಅಂಗಡಿಯವನು ಪ್ಯಾಂಟಿಗೆ ಅಳತೆ ಕೊಡುತ್ತಾ ನಿಂತಿದ್ದ, ಹೊಟ್ಟೆ ಕುಣಿಸಿ ನಕ್ಕುಬಿಟ್ಟ. ಸೊಂಟ ಮತ್ತೆ ಅಳೆಯಬೇಕಾಯಿತು.

ಇನ್ನು ನೀನು ಕೇಳಿದ ನಮ್ಮ ದೇಶದ ಬಾವುಟದ ಹಕ್ಕಿ. ಕಚೇರಿಯವರು ಕೊಟ್ಟ ಚಿತ್ರದಲ್ಲಿ ಬಾವುಟದ ಹಕ್ಕಿ ಕಾವಿಗೆ ಕೂತ ಕೋಳಿಯ ಹಾಗಿದೆ ಎಂದು ಬರೆದಿದ್ದೀಯ. ಈ ಊರಿನ ಶಾಲೆಗಳಿಗೆಲ್ಲ ಬಾವುಟ ಹೊಲಿದವನು ನಾನು. ನನ್ನ ಹಕ್ಕಿಗೆ ಹಾರಲು ಬರುತ್ತದೆ. ದಪ್ಪ ಕಾಗದದಲ್ಲಿ ಅಚ್ಚು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಮಡಿಕೆ ಕುತ್ತಿಗೆಯ ಮೇಲೆ ಬರದ ಹಾಗೆ ಮಡಚಿದ್ದೇನೆ. ಯಾರನ್ನೂ ಕೇಳಬೇಡ, ಕಣ್ಣು ಮುಚ್ಚಿಕೊಂಡು ಕತ್ತರಿಸು.

ನಿನ್ನ ಅಣ್ಣ


ಫೆಬ್ರವರಿ 21

ಅಣ್ಣಾ,

ಹಕ್ಕಿ ಬಂದು ಇಳಿಯಿತು. ರೆಕ್ಕೆಗೆ ಏನೂ ಆಗಿಲ್ಲ. ನಮ್ಮ ಯಜಮಾನಿ ಅದನ್ನು ಕಿಟಕಿಗೆ ಹಿಡಿದು ನೋಡಿ, "ಇದು ಯಾರ ಕೈ?" ಎಂದು ಕೇಳಿದರು. "ನಮ್ಮ ಕಡೆಯದು" ಎಂದಷ್ಟೇ ಹೇಳಿದೆ. ಅಣ್ಣನದು ಎಂದಿದ್ದರೆ, ಮುಖ್ಯಸ್ಥೆಯಾದ ಮೇಲೂ ಮನೆಯವರನ್ನು ಕೇಳಿ ಕೆಲಸ ಮಾಡುತ್ತಾಳೆ ಎನ್ನುತ್ತಿದ್ದರು. ಕೋಪ ಮಾಡಿಕೊಳ್ಳಬೇಡ.

ಇಲ್ಲಿ ಕೊಟ್ಟಿರುವುದು ಒಂದು ಮಗ್ಗುಲು ಮಾತ್ರ ಮಿಂಚುವ ಬಟ್ಟೆ. ಪದರ ಪದರ ಹಾಸಿ, ನಿನ್ನ ಅಚ್ಚಿಟ್ಟು ಗೆರೆ ಎಳೆದು, ಕರೆಂಟಿನ ಕತ್ತರಿ ಓಡಿಸಿದೆ. ನನ್ನ ಮೇಜಿನಿಂದ ಬರೀ ಹಕ್ಕಿ ಹೋಗುತ್ತದೆ. ಅದನ್ನು ಬಾವುಟಕ್ಕೆ ಹೊಲಿಯುವುದು, ಕೋಲು ತೂರಿಸುವ ಚೀಲ ಹೊಲಿಯುವುದು ಎಲ್ಲ ಮೇಲಿನ ಮಹಡಿಯವರ ಕೆಲಸ. ಆರ್ಡರಿನ ಅರ್ಧ ನಮಗೆ, ಇನ್ನರ್ಧ ನದಿಯಾಚೆಯ ಕಾರ್ಖಾನೆಗೆ. ಭೇಟಿಗೆ ಬಹಳ ಮುಂಚೆಯೇ ರಾಜಬೀದಿಯ ಕಂಬಗಳಿಗೆ ಕಟ್ಟುವುದು ಇಲ್ಲಿಯ ಪದ್ಧತಿ.

ಭೇಟಿಯ ಬಗ್ಗೆ ಇಲ್ಲಿಯ ಜನಕ್ಕೆ ಇರುವ ಅಭಿಪ್ರಾಯ ಒಂದೇ, ಆ ದಿನ ಬಸ್ಸು ಓಡುತ್ತದೋ ಇಲ್ಲವೋ. ನನಗೆ ಮಾತ್ರ ಅವರು ಬರಲಿ ಎಂದಿದೆ. ಅಧ್ಯಕ್ಷರ ಮುಖಕ್ಕಲ್ಲ. ನೀನು ಯಾವ ದೇಶದವಳು ಎಂದು ಇಲ್ಲಿ ಕೇಳುತ್ತಾರೆ, ಹೇಳಿದ ಮೇಲೆ ಅದು ಎಲ್ಲಿದೆ ಎಂದು ಕೇಳುತ್ತಾರೆ. ಒಂದು ವಾರವಾದರೂ ಎರಡನೆಯ ಪ್ರಶ್ನೆ ಇರುವುದಿಲ್ಲವಲ್ಲ.

ತಂಗಿ


ಮಾರ್ಚ್ 8

ತಂಗೀ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಜೋರಾಗಿ ಓದಿದೆ. ರಾಜಬೀದಿಯ ಹಕ್ಕಿ ನನ್ನ ತಂಗಿಯ ಕತ್ತರಿಯಿಂದ ಎದ್ದದ್ದು ಎಂದು ಬೀದಿಗೆಲ್ಲ ಗೊತ್ತಾಯಿತು. ಗುಳಿಗೆ ಕೇಳಿದ, "ಭೇಟಿ ದಂಡ ಅಂತ ಬೈತಿದ್ರಲ್ಲ, ಈಗ ಎದೆ ಉಬ್ಬಿಸ್ತಿದ್ದೀರಿ?"

"ಭೇಟಿ ದಂಡವೇ. ಬಾವುಟ ದಂಡ ಅಂದೆನಾ?" ಎಂದೆ.

ಹೆಸರು ಹೇಳದಿದ್ದರೆ ಹೇಳಬೇಡ, ನನಗೇನು. ಕೆಲಸ ಕಾಯಮಾದ ಕೂಡಲೇ ಬರೆ.

ಅಣ್ಣ


ಮಾರ್ಚ್ 26

ತಂಗೀ,

ನಿನ್ನಿಂದ ಪತ್ರವಿಲ್ಲ. ಇಲ್ಲಿ ಬೆಂಕಿ ಬಿದ್ದಿದೆ.

ನಿಮ್ಮ ರಾಜಬೀದಿಯ ಚಿತ್ರ ನಮ್ಮ ಪತ್ರಿಕೆಗಳ ಮೊದಲ ಪುಟದಲ್ಲಿ ಬಂದಿದೆ. ಎಡಸಾಲಿನ ಕಂಬಗಳಲ್ಲಿ ಬಾವುಟ ಸರಿ ಇದೆ. ಬಲಸಾಲಿನಲ್ಲಿ ಹಕ್ಕಿ ಕೋಲಿಗೆ ಬೆನ್ನು ಹಾಕಿ ನಿಂತಿದೆ! ಹಕ್ಕಿಯ ಮುಖ ಕೋಲಿನ ಕಡೆಗಿರಬೇಕು ಎಂದು ಇಲ್ಲಿ ಮೂಗು ಒರೆಸಿಕೊಳ್ಳಲು ಬಾರದ ಮಗುವಿಗೂ ಗೊತ್ತು. ಮನೆ ಬಿಟ್ಟು ಓಡಿಹೋಗುವವರ ಹಾಗೆ ಕಾಣುತ್ತದೆ ನಮ್ಮ ಹಕ್ಕಿ. ಬೇಕೆಂದೇ ಮಾಡಿದ್ದಾರೆ ಎನ್ನುತ್ತಾನೆ ರೇಡಿಯೋ. ಒಂದು ಸಾಲು ಸರಿ, ಒಂದು ಸಾಲು ತಪ್ಪು, ಅಂದರೆ ನಾವು ಅರ್ಧ ಮರ್ಯಾದೆಗೆ ಮಾತ್ರ ಯೋಗ್ಯರು ಎಂದು ಅರ್ಥವಂತೆ. ಈ ಸಲ ಅವನ ಮಾತನ್ನು ನಾನೂ ಒಪ್ಪಿದೆ.

ಪತ್ರಿಕೆಯ ಹುಡುಗ ಬೀದಿಗೆ ಬಂದು ಜನಾಭಿಪ್ರಾಯ ಕೇಳಿದ. ದರ್ಜಿಯಾಗಿ ನೀವೇನು ಹೇಳುತ್ತೀರಿ ಎಂದು ನನ್ನನ್ನೇ ಮೊದಲು ಕೇಳಿದ. ಹೇಳಿದೆ. "ಆ ಹಕ್ಕಿ ಕತ್ತರಿಸಿದವರ ಕೈಯಿಂದ ಕತ್ತರಿ ಕಿತ್ಕೊಳ್ಳಿ. ಜನ್ಮದಲ್ಲಿ ಮತ್ತೆ ಕೊಡಬೇಡಿ." ದೊಡ್ಡ ಅಕ್ಷರದಲ್ಲಿ ಹಾಕಿದ್ದಾನೆ, ಮೇಲೆ ನನ್ನ ಫೋಟೋ. ನಿಮ್ಮ ದೇಶದ ಪತ್ರಿಕೆಗಳಲ್ಲೂ ಅದೇ ಬಂದಿದೆಯಂತೆ.

ಎಲ್ಲ ಆ ನದಿಯಾಚೆಯ ಕಾರ್ಖಾನೆಯವರ ಕೆಲಸ ಎಂದು ಚಿತ್ರ ನೋಡಿದ ಕೂಡಲೇ ತಿಳಿಯಿತು. ಎಡಸಾಲು ನಿನ್ನದು. ಆ ಕುತ್ತಿಗೆ ನೋಡಿದರೆ ಗೊತ್ತಾಗುವುದಿಲ್ಲವೇ? ನಿನ್ನ ಯಜಮಾನಿಗೆ ಹೇಳು, ಸರಿಯಾಗಿ ಕತ್ತರಿಸಲು ಬರುವವರು ಒಬ್ಬರಾದರೂ ಇದ್ದಾರೆಂದು ಖುಷಿಪಡಲಿ.

ಅಣ್ಣ


ಏಪ್ರಿಲ್ 5

ಅಣ್ಣಾ,

ನಿನ್ನ ಫೋಟೋ ನೋಡಿದೆ. ಸೊರಗಿದ್ದೀಯ. ಕೋಟಿನ ಮೇಲಿನ ಗುಂಡಿ ಇಲ್ಲ. ದರ್ಜಿಯ ಕೋಟಿಗೇ ಗುಂಡಿ ಇಲ್ಲದಿದ್ದರೆ ಹೇಗೆ, ಸೊಸೆಗೆ ಹೇಳಿ ಹಾಕಿಸಿಕೋ.

ಇಲ್ಲಿ ಬಾವುಟಗಳನ್ನೆಲ್ಲ ಇಳಿಸಿದ್ದಾರೆ. ಭೇಟಿ ಮುಂದಕ್ಕೆ ಹೋಗಿದೆ. ಯಾರ ತಪ್ಪು ಎಂದು ವಿಚಾರಣೆ ನಡೆಯುತ್ತಿದೆ. ನಾನು ಸದ್ಯಕ್ಕೆ ಅಂಚು ಹೊಲಿಯುತ್ತಿದ್ದೇನೆ. ಕೈಗೆ ಬದಲಾವಣೆ.

ಒಂದು ಕೇಳುತ್ತೇನೆ, ಸುಮ್ಮನೆ. ನೀನು ಕಳಿಸಿದ ಅಚ್ಚಿನಲ್ಲಿ ಹಕ್ಕಿ ಯಾವ ಕಡೆ ನೋಡುತ್ತಿತ್ತು ಎಂದು ನಿನಗೆ ನೆನಪಿದೆಯೇ?

ಪತ್ರಿಕೆಯವರು ಮತ್ತೆ ಬಂದರೆ ಸ್ವಲ್ಪ ನಿಧಾನವಾಗಿ ಮಾತಾಡು.

ತಂಗಿ


ಏಪ್ರಿಲ್ 16

ತಂಗೀ,

ಅಣ್ಣನಿಗೆ ನಿಧಾನ ಕಲಿಸುವಷ್ಟು ದೊಡ್ಡವಳಾದೆ, ಸಂತೋಷ. ಯಾವ ಕಡೆ ಎಂದರೆ ಏನರ್ಥ? ಕೋಲಿನ ಕಡೆ! ಜೀವಮಾನವೆಲ್ಲ ಕೋಲಿನ ಕಡೆಗೇ ಕತ್ತರಿಸಿದ್ದೇನೆ. ಇಂಥ ಪ್ರಶ್ನೆ ಬೇರೆಯವರು ಕೇಳಿದ್ದರೆ ಅಂಗಡಿಯ ಮೆಟ್ಟಿಲು ಇಳಿಸಿಬಿಡುತ್ತಿದ್ದೆ.

ಮುಖ್ಯಸ್ಥೆಯಾದ ಮೇಲೂ ಅಂಚಿನ ಬೆಂಚಿಗೆ ಹೋಗಿ ಕೂರುತ್ತೀಯಲ್ಲ, ಅದು ಒಳ್ಳೆಯ ಗುಣ. ಕೆಳಗಿನವರಿಗೆ ನಮ್ಮ ಮೇಲೆ ಪ್ರೀತಿ ಇರುತ್ತದೆ.

ಇಲ್ಲಿಯ ಕಥೆ ಕೇಳು. ಭೇಟಿ ಬೇಡ ಎನ್ನುತ್ತಿದ್ದವರೆಲ್ಲ ಈಗ ಬೇಕು ಎನ್ನುತ್ತಾರೆ, ನಾನೂ ಸೇರಿ. ಹೋಗಿ, ಆ ಸಾರೋಟಿನಲ್ಲೇ ಎದೆ ಸೆಟೆಸಿ ಕೂತು ಬರಬೇಕು. ಬೇಕು ಎನ್ನುತ್ತಿದ್ದ ರೇಡಿಯೋ, ಇಷ್ಟು ಅವಮಾನವಾದ ಮೇಲೆ ಕಾಲಿಡಬಾರದು ಎನ್ನುತ್ತಾನೆ. ನಮ್ಮಿಬ್ಬರ ಜಗಳ ಹಾಗೇ ಇದೆ, ಕೂರುವ ಜಾಗ ಮಾತ್ರ ಅದಲುಬದಲು. ಅಧ್ಯಕ್ಷನ ಮುಖ ಕಂಡರಾಗದವರೂ ಈಗ ನಮ್ಮ ಅಧ್ಯಕ್ಷರು, ನಮ್ಮ ಅಧ್ಯಕ್ಷರು ಎನ್ನುತ್ತಾರೆ. ಪಾಪ, ಆ ಮನುಷ್ಯ ಐದು ವರ್ಷ ಕಷ್ಟಪಟ್ಟರೂ ಸಿಗದಿದ್ದ ಪ್ರೀತಿಯನ್ನು ಒಂದು ಹಕ್ಕಿ ಬೆನ್ನು ತಿರುಗಿಸಿ ಕೊಡಿಸಿತು.

ಖಂಡಿಸಿ ಮೆರವಣಿಗೆ ಮಾಡುತ್ತಾರೆ. ಬಾವುಟದ ಆರ್ಡರು ನನಗೇ. ಒಬ್ಬನಿಂದ ಮುಗಿಯದು, ಸೊಸೆಯನ್ನೂ ಕತ್ತರಿಸಲು ಕೂರಿಸಬೇಕು.

ಅಣ್ಣ


ಏಪ್ರಿಲ್ 20

ತಂಗೀ,

ಬಲಸಾಲು ನಿನ್ನದು.

ಇದನ್ನು ನನಗೆ ಹೇಳಲು ನಿನಗೆ ಬಾಯಿರಲಿಲ್ಲವೇ? ಬಾಯಿಗೂ ಅಂಚು ಹೊಲಿದುಕೊಂಡಿದ್ದೀಯಾ?

ಹೇಗೆ ಗೊತ್ತಾಯಿತು ಎಂದು ಬರೆಯುತ್ತೇನೆ, ಓದು. ಮೆರವಣಿಗೆಯ ಬಾವುಟಕ್ಕೆ ಸೊಸೆ ಹಕ್ಕಿ ಕತ್ತರಿಸಿದಳು. ನಾನು ಎತ್ತಿ ಬಾವುಟದ ಮೇಲಿಟ್ಟರೆ, ಬೆನ್ನು ಕೋಲಿನ ಕಡೆಗೆ! ಮೈಯೆಲ್ಲ ಉರಿಯಿತು.

"ಏನೇ ಇದು? ಕಣ್ಣೆಲ್ಲಿಟ್ಟಿದ್ದೆ?"

"ಅಚ್ಚಿನ ಮೇಲೇ ಇಟ್ಟಿದ್ದೆ ಮಾವ. ಅಚ್ಚು ಹೇಗಿದೆಯೋ ಹಾಗೇ ಕತ್ತರಿಸಿದ್ದೀನಿ."

"ಬಟ್ಟೆ ಮಗುಚಿ ಹಾಸಿ, ಹಿಂಬದಿ ಮೇಲೆ ಅಚ್ಚಿಡಬೇಕು. ಗೆರೆ ಬಟ್ಟೆಯ ಮುಂಬದಿ ಮೇಲೆ ಬೀಳಬಾರದು. ಈ ಅಂಗಡಿಯಲ್ಲಿ ನಮ್ಮಪ್ಪನ ಕಾಲದಿಂದ ಹಾಗೇ. ಅದಕ್ಕೇ ಅಚ್ಚನ್ನ ತಿರುಗಿಸಿ ಕತ್ತರಿಸಿರೋದು. ಬಟ್ಟೆ ವಾಪಸು ಮಗುಚಿದಾಗ ಹಕ್ಕಿ ಕೋಲು ನೋಡತ್ತೆ. ಅಷ್ಟೂ ಗೊತ್ತಿಲ್ವಾ?"

"ಗೊತ್ತಾಗೋದು ಹೇಗೆ? ಕಾಗದದ ಮೇಲೆ ಎಲ್ಲಾದ್ರೂ ಬರೆದಿದ್ದೀರಾ? ನಿಮ್ಮ ತಲೆಯೊಳಗೆ ಇರೋದನ್ನ ನಾನು ಬಗ್ಗಿ ನೋಡ್ಲಾ?"

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮೆಲ್ಲಗೆ ಕೇಳಿದಳು, "ಮಾವ, ಸೋದರತ್ತೆಗೆ ಕಳಿಸಿದ್ದೂ ಇದೇ ಅಚ್ಚಾ?"

ಹಳೆಯ ಪತ್ರಿಕೆ ಎಳೆದು ಬಲಸಾಲಿನ ಚಿತ್ರವನ್ನು ಮತ್ತೆ ನೋಡಿದೆ.

ಅಪ್ಪನ ಅಂಗಡಿಯಲ್ಲಿ ನೀನು ಕತ್ತರಿ ಮುಟ್ಟಿದವಳಲ್ಲ. ಕಲಿತದ್ದೆಲ್ಲ ಅಲ್ಲಿ. ನಿಮ್ಮಲ್ಲಿ ಬಟ್ಟೆಯ ಮುಂಬದಿಯ ಮೇಲೇ ಅಚ್ಚಿಡುತ್ತಾರೆ, ಅಲ್ಲವೇ? ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡು ಕತ್ತರಿಸು ಎಂದು ಬೇರೆ ಬರೆದೆ, ನೀನು ಅದೊಂದು ಮಾತು ಮಾತ್ರ ಚಾಚೂತಪ್ಪದೆ ಪಾಲಿಸಿದೆ.

ಕೂಡಲೇ ಪತ್ರಿಕೆಯ ಕಚೇರಿಗೆ ನಡೆದೆ. ಅದೇ ಹುಡುಗ ಸಿಕ್ಕಿದ. ಎಲ್ಲ ಹೇಳಿದೆ. ಅವನು ಪೆನ್ನು ಮುಚ್ಚಿಟ್ಟ.

"ಅಜ್ಜಾ, ಈಗ ಇದನ್ನ ಹಾಕಿದ್ರೆ ನಮ್ಮ ಕಿಟಕಿಗೆ ಕಲ್ಲು ಬೀಳತ್ತೆ. ಜನಕ್ಕೆ ಅವಮಾನ ಆಗಿದೆ."

"ಆಗಿಲ್ಲ ಕಣಯ್ಯ. ಅದನ್ನ ಹೇಳೋಕೇ ಬಂದಿರೋದು."

"ಅದನ್ನ ಜನ ಹೇಳಬೇಕು."

"ಜನ ಅಂದ್ರೆ ಯಾರು? ಮೊನ್ನೆ ನನ್ನ ಫೋಟೋ ಹಾಕಿ ಕೆಳಗೆ ಜನಾಭಿಪ್ರಾಯ ಅಂತ ಬರೆದೆಯಲ್ಲ, ಆ ಜನ ನಾನೇ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಹಾಕು."

ಹಾಕುವುದಿಲ್ಲವಂತೆ. ನೋಡುತ್ತೇನೆ. ನೀನು ಮೊದಲು ಹೋಗಿ ಅಚ್ಚು ಕೊಟ್ಟವನು ನನ್ನ ಅಣ್ಣ ಎಂದು ಯಜಮಾನಿಗೆ ಹೇಳು. ಇವತ್ತೇ.

ಅಣ್ಣ


ಏಪ್ರಿಲ್ 21

ಅಣ್ಣಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ, ಕಾಯದೆ ಬರೆಯುತ್ತಿದ್ದೇನೆ. ಕೂತುಕೊಂಡು ಓದು. ಬಲಸಾಲಿನ ಹಕ್ಕಿಗಳು ನಾನು ಕತ್ತರಿಸಿದ್ದು.

ಮೇಜಿನ ಮೇಲೆ ಇದ್ದಾಗ ಗೊತ್ತಾಗಲಿಲ್ಲ. ಅಲ್ಲಿ ಅದು ಬರೀ ಹಕ್ಕಿ. ಕೋಲು ಬಂದ ಮೇಲೇ ಅದಕ್ಕೆ ಹಿಂದು, ಮುಂದು. ಮೇಲಿನ ಮಹಡಿಯವರು ಹೊಲಿದರು, ಪರೀಕ್ಷೆಯವರು ಹೊಲಿಗೆ ಎಳೆದು ನೋಡಿದರು, ಬಣ್ಣ ನೋಡಿದರು. ಚಿತ್ರದ ಪಕ್ಕ ಇಟ್ಟು ಯಾರೂ ನೋಡಲಿಲ್ಲ. ಆ ದೇಶದವಳೇ ಕತ್ತರಿಸಿದ್ದಾಳೆ, ಅವಳಿಗೆ ಗೊತ್ತಿರುತ್ತದೆ ಎಂದುಕೊಂಡರಂತೆ. ನಾನು ಅಣ್ಣನಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಬಸ್ಸಿನ ಕಿಟಕಿಯಿಂದ ರಾಜಬೀದಿ ನೋಡಿದಾಗಲೇ ನನಗೆ ತಿಳಿದದ್ದು.

ಅಚ್ಚು ಯಾರು ಕೊಟ್ಟರೆಂದು ಹೇಳಿದರೆ ನನ್ನ ಮೇಲಿನ ದೂರು ಹಗುರಾಗುತ್ತದೆ ಎಂದು ಯಜಮಾನಿ ಎರಡು ಸಲ ಹೇಳಿದರು. ನಾನು ಹೇಳಲಿಲ್ಲ. ನಮ್ಮ ಊಟದ ಕೋಣೆಯ ಗೋಡೆಗೆ ಯಾರೋ ನಿನ್ನ ಫೋಟೋ ಅಂಟಿಸಿದ್ದಾರೆ, ಕೆಳಗೆ ನಿನ್ನ ಮಾತು, ಈ ದೇಶದ ಭಾಷೆಯಲ್ಲಿ. ಅದರ ಕೆಳಗೇ ಕೂತು ದಿನಾ ತಿನ್ನುತ್ತೇನೆ. ಅವನು ನನ್ನ ಅಣ್ಣ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ನಿನ್ನನ್ನು ಎರಡು ದೇಶದವರೂ ಸೇರಿ ಹರಿದು ಹಾಕುತ್ತಾರೆ.

ಅಚ್ಚು ತಿರುಗಿಹೋಗಿತ್ತು ಅಣ್ಣ. ನಿನಗೂ ವಯಸ್ಸಾಯಿತು, ಅದಕ್ಕೆ ನಾಚಿಕೆ ಬೇಡ. ಒಪ್ಪಿಕೊಂಡು ಅಂಚಿನ ಬೆಂಚಿನಲ್ಲೇ ಇದ್ದುಬಿಡುತ್ತೇನೆ. ಅದೂ ಕೆಲಸವೇ.

ತಂಗಿ


ಮೇ 2

ತಂಗೀ,

ವಯಸ್ಸಾಯಿತೇ? ಯಾರಿಗೆ? ನನ್ನ ಅಚ್ಚು ಬೇಕೆಂದೇ ತಿರುಗಿದ್ದದ್ದು ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೇನೆ, ಇಷ್ಟು ಹೊತ್ತಿಗೆ ಓದಿರುತ್ತೀಯ. ಓದಿ ಆ ವಯಸ್ಸಿನ ಮಾತನ್ನು ವಾಪಸು ತೆಗೆದುಕೋ.

ಅಂಚಿನ ಬೆಂಚಿನಲ್ಲೇ ಇದ್ದುಬಿಡುತ್ತಾಳಂತೆ! ಅಲ್ಲಿ ಕೂರುವುದಾಗಿದ್ದರೆ ಅಪ್ಪನ ಅಂಗಡಿಯಲ್ಲೇ ಕೂರಬಹುದಿತ್ತು, ಹಡಗು ಹತ್ತುವ ಕೆಲಸ ಏನಿತ್ತು? ನನ್ನನ್ನು ಉಳಿಸಲು ನಿನ್ನನ್ನು ಯಾರು ಕೇಳಿದರು? ಇಲ್ಲಿ ನನ್ನನ್ನು ಹರಿಯಲು ಬಂದವರಿಗೆ ಅಷ್ಟು ಸುಲಭವಾಗಿ ಹರಿಯುವ ಬಟ್ಟೆ ನಾನಲ್ಲ.

ಪತ್ರಿಕೆಯವನು ಹಾಕದಿದ್ದರೆ ಏನಂತೆ. ಮೆರವಣಿಗೆಗೆ ಜನ ಸೇರಿದ್ದರು. ಅಂಗಡಿಯ ಬೆಂಚನ್ನು ಬೀದಿಗೆ ಎಳೆಸಿ ಮೇಲೆ ಹತ್ತಿದೆ. ಸೊಸೆ ಕೆಳಗೆ ನಿಂತು ಬಟ್ಟೆ ಹಿಡಿದಳು. ಹಿಂಬದಿಯ ಮೇಲೆ ಅಚ್ಚಿಟ್ಟು ಒಂದು ಹಕ್ಕಿ ಕತ್ತರಿಸಿದೆ, ಮುಂಬದಿಯ ಮೇಲಿಟ್ಟು ಇನ್ನೊಂದು. ಎರಡನ್ನೂ ಎತ್ತಿ ತೋರಿಸಿದೆ. "ನೋಡ್ಕೊಳ್ಳಿ. ಯಾರೂ ನಮಗೆ ಅವಮಾನ ಮಾಡಿಲ್ಲ. ಅಚ್ಚು ನಂದು, ಕತ್ತರಿ ನನ್ನ ತಂಗೀದು. ಯಾವ ಬದಿ ಮೇಲೆ ಇಡಬೇಕು ಅಂತ ಹೇಳದೆ ಕಳಿಸಿದವನು ನಾನು."

ಹಿಂದಿನಿಂದ ಯಾರೋ, "ಎಷ್ಟು ತಗೊಂಡ್ರಿ ಅಜ್ಜಾ, ಆ ದೇಶದವರಿಂದ?" ಎಂದ. ಇನ್ನೊಬ್ಬ, "ಮುದುಕನಿಗೆ ತಲೆ ಕೆಟ್ಟಿದೆ" ಎಂದ. ರೇಡಿಯೋ ಮಾತ್ರ ಹತ್ತಿರ ಬಂದು ಎರಡು ಹಕ್ಕಿಗಳನ್ನೂ ತಿರುಗಿಸಿ ತಿರುಗಿಸಿ ನೋಡಿ, "ನಿಜ ಕಣ್ರೋ" ಎಂದ. ಅವನು ಒಂದೇ ವಾಕ್ಯಕ್ಕೆ ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಹಾಗಾದ್ರೆ ಮೆರವಣಿಗೆ?" ಎಂದು ಗುಳಿಗೆ ಕೇಳಿದ.

"ಬಾವುಟ ಹೊಲಿಸಿ ಆಗಿದೆ. ಬ್ಯಾಂಡಿನವರೂ ಬಂದಿದ್ದಾರೆ. ಈಗ ಬಿಡೋಕಾಗತ್ತಾ?" ಎಂದರು ಮುಂದಿದ್ದವರು. ಹೊರಟೇಬಿಟ್ಟರು. ನಾನು ಹೊಲಿದ ಬಾವುಟ ಹಿಡಿದುಕೊಂಡು, ನನ್ನನ್ನು ಬೈದುಕೊಂಡು, ಆಗದ ಅವಮಾನಕ್ಕೆ ಗಂಟಲು ಹರಿಯುವ ಹಾಗೆ ಕೂಗುತ್ತಾ ಹೋದರು. ಹಕ್ಕಿಗಳು ಮಾತ್ರ ಎಲ್ಲವೂ ಸರಿಯಾಗಿ ಕೋಲು ನೋಡುತ್ತಿದ್ದವು.

ಆ ದಿನದಿಂದ ಅಂಗಡಿಗೆ ಜನ ಕಡಿಮೆ. ಪ್ಯಾಂಟು ಹರಿದ ಕೂಡಲೇ ಬರುತ್ತಾರೆ.

ಇದರ ಜೊತೆ ಇನ್ನೊಂದು ಕಾಗದ ಇದೆ, ನಿನ್ನ ಯಜಮಾನಿಗೆ. ನೀನೇ ಅವರ ಭಾಷೆಯಲ್ಲಿ ಓದಿ ಹೇಳು. ಒಂದು ಮಾತೂ ಮೆತ್ತಗೆ ಮಾಡಬೇಡ. ಹೀಗಿದೆ:

"ಅಮ್ಮಾ, ನಿಮ್ಮ ಗೋಡೆಯ ಮೇಲೆ ಇರುವ ಮುದುಕ ನಾನೇ. ಹಕ್ಕಿಯ ಅಚ್ಚು ಕತ್ತರಿಸಿದವನೂ ನಾನೇ. ನಮ್ಮ ಅಂಗಡಿಯಲ್ಲಿ ಹಿಂಬದಿಯ ಮೇಲೆ ಇಟ್ಟು ಕತ್ತರಿಸುತ್ತೇವೆ, ಅದನ್ನು ಬರೆಯದೆ ಕಳಿಸಿದೆ. ತುಂಡು ಬಟ್ಟೆ ಇಟ್ಟಿದ್ದೇನೆ, ನೀವೇ ಕತ್ತರಿಸಿ ನೋಡಿ. ಕತ್ತರಿ ಕಿತ್ತುಕೊಳ್ಳಿ ಎಂದು ನಾನು ಹೇಳಿದ್ದು ಯಾರಿಗೆ ಎಂದು ತಿಳಿಯದೆ. ಅವಳು ಕತ್ತರಿಸಿದ ಅಂಚು ನೋಡಿ. ಒಂದು ಎಳೆ ಹೊರಗೆ ಬಂದಿದ್ದರೆ ನೀವು ಹೇಳಿದ್ದು ಕೇಳುತ್ತೇನೆ. ಬಂದಿಲ್ಲದಿದ್ದರೆ ಅವಳ ಮೇಜು ಅವಳಿಗೆ ಕೊಡಿ."

ಅಣ್ಣ


ಮೇ 15

ಅಣ್ಣಾ,

ವಯಸ್ಸಿನ ಮಾತು ವಾಪಸು. ನಿನಗೆ ಎಂದೂ ವಯಸ್ಸಾಗುವುದಿಲ್ಲ, ಸಾಕೇ?

ಇವತ್ತೇ ಹೇಳು ಎಂದು ಬರೆದ ನಿನ್ನ ಪತ್ರ ಬಂದಾಗಲೇ ಯಜಮಾನಿಯ ಹತ್ತಿರ ಹೋಗುವವಳಿದ್ದೆ. ಬಾಗಿಲವರೆಗೆ ಹೋಗಿ ವಾಪಸು ಬಂದೆ. ಎರಡನೆಯದು ಬಂದ ಮೇಲೆ ಹೋದೆ. ವಿಚಾರಣೆಯವರೂ ಅಲ್ಲೇ ಇದ್ದರು. ನಿಂತುಕೊಂಡೇ ನಿನ್ನ ಕಾಗದ ಓದಿ ಹೇಳಿದೆ, ಒಂದು ಮಾತೂ ಮೆತ್ತಗೆ ಮಾಡಲಿಲ್ಲ. "ನಿಮ್ಮ ಗೋಡೆಯ ಮೇಲೆ ಇರುವ ಮುದುಕ" ಎಂದಾಗ ಯಜಮಾನಿ ತಿರುಗಿ ಊಟದ ಕೋಣೆಯ ಬಾಗಿಲು ನೋಡಿದರು, ನನ್ನ ಮುಖ ನೋಡಿದರು. "ಮೂಗು ಒಂದೇ" ಎಂದರು.

ಆಮೇಲೆ ನೀನು ಕಳಿಸಿದ ಬಟ್ಟೆಯನ್ನು ಅವರೇ ಕತ್ತರಿಸಿದರು, ಹಿಂದೆ ಒಂದು, ಮುಂದೆ ಒಂದು. ವಿಚಾರಣೆಯವರಲ್ಲಿ ಒಬ್ಬರು, "ಹಾಗಾದರೆ ಈ ಬಾವುಟಗಳನ್ನೆಲ್ಲ ಎಸೆದು ಹೊಸದು ಮಾಡಬೇಕು. ಹಕ್ಕಿ ಬಿಚ್ಚಿ ಮಗುಚಿದರೆ ಮಿಂಚು ಒಳಗೆ ಹೋಗುತ್ತದೆ" ಎಂದರು. ಆಗ ನನಗೆ ಹೊಳೆಯಿತು ಅಣ್ಣ. ಅಂಚಿನ ಬೆಂಚಿನಲ್ಲಿ ಕೂತು ಕೂತು ಹೊಳೆದದ್ದೋ ಏನೋ. "ಹಕ್ಕಿಯನ್ನು ಯಾಕೆ ಮುಟ್ಟಬೇಕು? ಕೋಲನ್ನು ಆ ಕಡೆಗೆ ತನ್ನಿ" ಎಂದೆ. ಕೋಲಿನ ಚೀಲವನ್ನು ಈ ತುದಿಯಿಂದ ಬಿಚ್ಚಿ ಆ ತುದಿಗೆ ಹೊಲಿದರೆ ಹಕ್ಕಿಯ ಕೊಕ್ಕು ತಾನಾಗಿ ಕೋಲಿನ ಕಡೆಗಿರುತ್ತದೆ. ಬಲಸಾಲಿನ ಕಂಬಗಳಿಗೆ ಬಾವುಟವನ್ನು ಆ ಕಡೆಯಿಂದ ಕಟ್ಟಿದರೇ ರಸ್ತೆಗೆ ಚೆನ್ನಾಗಿ ಕಾಣುವುದು.

ಯಜಮಾನಿ ಒಂದು ಬಾವುಟ ತರಿಸಿ ನನ್ನ ಮುಂದಿಟ್ಟರು. ಅಲ್ಲೇ ಬಿಚ್ಚಿದೆ, ಅಲ್ಲೇ ಹೊಲಿದೆ. ಕೋಲಿಗೆ ಏರಿಸಿ ಕಿಟಕಿಯಿಂದ ಹೊರಗೆ ಹಿಡಿದರು.

"ಎಲ್ಲವನ್ನೂ ಹೀಗೆ ಮಾಡಿಸುತ್ತೀಯಾ?" ಎಂದು ಕೇಳಿದರು.

"ಅಂಚಿನ ಬೆಂಚಿನಿಂದ ಮಾಡಿಸಲು ಬರುವುದಿಲ್ಲ. ಮೇಜಿನಿಂದ ಮಾಡಿಸುತ್ತೇನೆ" ಎಂದೆ. ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ನಿನ್ನ ಕಾಗದವನ್ನು ಜೋರಾಗಿ ಓದಿದ್ದೆನಲ್ಲ, ಗಂಟಲು ಇನ್ನೂ ಅದೇ ಎತ್ತರದಲ್ಲಿತ್ತು.

ಕೆಲಸ ಕಾಯಂ ಆಯಿತು ಅಣ್ಣ. ಇವತ್ತು ಬೆಳಿಗ್ಗೆ ಸಹಿ ಹಾಕಿಸಿಕೊಂಡರು.

ಹೊರಗೆ ಕೊಟ್ಟ ಹೇಳಿಕೆಯಲ್ಲಿ ತಾಂತ್ರಿಕ ಕಾರಣ ಎಂದಷ್ಟೇ ಬರೆದಿದ್ದಾರೆ. ಆ ತಾಂತ್ರಿಕ ಕಾರಣ ನಾನು ಮತ್ತು ನೀನು. ಭೇಟಿಗೆ ಹೊಸ ತಾರೀಕು ಗೊತ್ತಾಗಿದೆ, ಜುಲೈ ಮೊದಲ ವಾರ. ಬಾವುಟ ಮಾಡಿದ ಕಾರ್ಖಾನೆಯ ಮೇಜಿನ ಮುಖ್ಯಸ್ಥರಿಗೂ ರಾಜಬೀದಿಯಲ್ಲಿ ಮೊದಲ ಸಾಲಿನ ಜಾಗ ಕೊಡುತ್ತಾರಂತೆ, ಸಾರೋಟು ಕೈಗೆಟಕುವಷ್ಟು ಹತ್ತಿರ. ಹೋಗಲೋ ಬೇಡವೋ ತಿಳಿಯುತ್ತಿಲ್ಲ. ಇಷ್ಟೆಲ್ಲ ಆದ ಮೇಲೆ ಎಲ್ಲರೆದುರು ನಿಲ್ಲುವುದಕ್ಕೆ ಒಂದು ಥರ. ನಿನಗೂ ಈ ಭೇಟಿ ಕಂಡರೆ ಆಗದು. ಹಿಂದೆಲ್ಲಾದರೂ ಜನರ ನಡುವೆ ನಿಂತು ನೋಡಿಕೊಂಡು ಬಂದರೆ ಆಗದೇ?

ತಂಗಿ


ಮೇ 27

ತಂಗೀ,

ಕೋಲನ್ನು ಆ ಕಡೆಗೆ ತರುವುದು ನನಗೆ ಹೊಳೆಯಲಿಲ್ಲ. ಇಷ್ಟು ವರ್ಷ ಕತ್ತರಿಸಿದ್ದೇನೆ, ಹೊಳೆಯಲಿಲ್ಲ. ಪತ್ರ ಓದಿ ಬೆಂಚಿನ ಮೇಲೆ ಸುಮ್ಮನೆ ಕೂತೆ. "ಯಾರು ಹೋದ್ರು ಮಾವ?" ಎಂದು ಸೊಸೆ ಗಾಬರಿಯಾಗಿ ಓಡಿ ಬಂದಳು.

"ಯಾರೂ ಹೋಗಿಲ್ಲ. ನಿನ್ನ ಸೋದರತ್ತೆ ನನ್ನನ್ನ ಸೋಲಿಸಿದಳು" ಎಂದೆ.

"ಅದಕ್ಯಾಕೆ ಹೀಗೆ ಹಲ್ಲು ಬಿಡ್ತಿದ್ದೀರಿ?" ಎಂದಳು. ನಾನು ನಗುತ್ತಿದ್ದೆನಂತೆ.

ಇಲ್ಲಿ ಜನ ಹಕ್ಕಿಯನ್ನು ಮರೆತಿದ್ದಾರೆ. ಈಗಿನ ಜಗಳ, ಅಧ್ಯಕ್ಷನು ರಾಜನಿಗೆ ತಲೆ ಬಾಗಿಸಬೇಕೋ, ಕೈ ಕುಲುಕಿದರೆ ಸಾಕೋ ಎಂಬುದು. ಮೆರವಣಿಗೆಯಲ್ಲಿ ನನ್ನನ್ನು ಬೈದವರಲ್ಲಿ ಇಬ್ಬರು ಬಂದು ಅಂಗಿಗೆ ಅಳತೆ ಕೊಟ್ಟು ಹೋದರು. ಏನೂ ಆಗದವರ ಹಾಗೆ ಮಾತಾಡಿದರು, ನಾನೂ ಏನೂ ಆಗದವನ ಹಾಗೆ ಟೇಪು ಸ್ವಲ್ಪ ಬಿಗಿಯಾಗಿ ಹಿಡಿದೆ.

ಭೇಟಿ ದಂಡ. ಅದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಸಾರೋಟು ದಂಡ, ತೋಪು ದಂಡ, ಔತಣದಲ್ಲಿ ಯಾರು ಯಾರ ಪಕ್ಕ ಕೂರಬೇಕು ಎಂದು ಯೋಚಿಸಲು ಇಟ್ಟುಕೊಂಡಿರುವ ಆ ಮಂದಿಯೂ ದಂಡ.

ನೀನು ಹೋಗಬೇಕು. ಮೊದಲ ಸಾಲಿನಲ್ಲಿ ನಿಲ್ಲಬೇಕು. ಒಳ್ಳೆಯ ಬಟ್ಟೆ ಹಾಕಿಕೋ, ನೀನೇ ಕತ್ತರಿಸಿದ್ದು. ಅಧ್ಯಕ್ಷ ಬಲಸಾಲಿನ ಕಡೆ ತಿರುಗಿ ಕೈ ಬೀಸಿದರೆ ನೀನು ಬೀಸಬೇಡ. ಅವನು ಬಾವುಟ ನೋಡುತ್ತಾನೋ ಇಲ್ಲವೋ ಅದನ್ನು ಮಾತ್ರ ನೋಡು, ನೋಡಿ ನನಗೆ ಬರೆ. ಹಿಂದೆಲ್ಲೋ ನಿಂತಿದ್ದೆ, ತಲೆಗಳ ನಡುವೆ ಸರಿಯಾಗಿ ಕಾಣಲಿಲ್ಲ ಎಂದು ಬರೆದರೆ ಆ ಪತ್ರವನ್ನು ಓದದೆ ವಾಪಸು ಕಳಿಸುತ್ತೇನೆ.

ಅಣ್ಣ